ಸೋಲಲು ಹೊರಟ ಸಾವ್ಕಾರ

ದೇವರ ಮುಂದೆ ಕೈಮುಗಿದು ನಿಂತಾಗ ನಾವೆಲ್ಲ ಬೇಡುವುದೇನು? ಗೆಲುವು ಕೊಡಪ್ಪಾ ಅಂತ. ಪರೀಕ್ಷೆಯಲ್ಲಿ ಗೆಲುವು, ಕೋರ್ಟು ಕಚೇರಿಯಲ್ಲಿ ಗೆಲುವು, ಚುನಾವಣೆಯಲ್ಲಿ ಗೆಲುವು. ಸೊಸೆಗೆ ಅತ್ತೆಯ ಮೇಲೆ ಗೆಲುವು, ಅತ್ತೆಗೆ ಸೊಸೆಯ ಮೇಲೆ ಗೆಲುವು. ನಗಬೇಡಿ ತಾಯಂದಿರೆ, ಇಬ್ಬರೂ ಒಂದೇ ಗುಡಿಗೆ ಬರುತ್ತೀರಿ, ದೇವರು ಯಾರ ಮಾತು ಕೇಳಬೇಕು ಹೇಳಿ? ಆದರೆ ಒಬ್ಬ ಶ್ರೀಮಂತ ಮಾತ್ರ ದೇವರ ಮುಂದೆ ನಿಂತು ‘ತಂದೇ, ನನಗೊಂದು ಸೋಲು ಕೊಡು’ ಅಂತ ಬೇಡಿಕೊಂಡ. ಹಿಂದೆ ಕಂಬಕ್ಕೆ ಒರಗಿ ಕೂತವರಿಗೂ ಕೇಳಿಸಲಿ ಅಂತ ಇನ್ನೊಮ್ಮೆ ಹೇಳುತ್ತೇನೆ. ಸೋಲು ಬೇಡಿಕೊಂಡ. ಅವನ ಕಥೆಯನ್ನು ಇವತ್ತಿನ ಪ್ರವಚನದಲ್ಲಿ ಕೇಳಿ.

ಅವನದು ನೇಕಾರರ ಊರು. ಕುಪ್ಪಸದ ಖಣ ನೇಯುವವರ ಒಂದು ಉದ್ದನೆಯ ಓಣಿ, ಓಣಿಯ ಎರಡೂ ಬದಿಗೆ ಮನೆ, ಮನೆಗೊಂದು ಮಗ್ಗ. ನೂಲು ಮಗ್ಗಕ್ಕೇರುವ ಮೊದಲು ಅದನ್ನು ಬಿಚ್ಚಿ, ಓಣಿಯುದ್ದಕ್ಕೂ ಚಾಚಿ, ಗಂಜಿ ಸವರಿ ಒಣಗಿಸಬೇಕು. ಅದಕ್ಕೆ ಅವರು ಹಾಸು ಹಿಡಿಯುವುದು ಅನ್ನುತ್ತಾರೆ. ಬಿಸಿಲು ಬಲಿಯುವುದರೊಳಗೆ ಮುಗಿಯಬೇಕು, ಒಬ್ಬರಿಂದ ಆಗುವ ಕೆಲಸವಲ್ಲ. ಆದ್ದರಿಂದ ಆ ಓಣಿಗೆ ಎರಡು ಕಟ್ಟಳೆ. ಒಂದು, ಓಣಿಯಲ್ಲಿ ಯಾರೂ ಗೂಟ ಹುಗಿಯಬಾರದು. ಎಮ್ಮೆ ಕಟ್ಟಲಿಕ್ಕೂ ಇಲ್ಲ, ಮದುವೆಯ ಚಪ್ಪರಕ್ಕೂ ಇಲ್ಲ. ಇನ್ನೊಂದು, ಹಾಸು ಹಿಡಿದಾಗ ಆ ದಾರಿಯಲ್ಲಿ ಹೋಗುವವರು ಯಾರೇ ಆಗಲಿ, ನಿಂತು ಒಂದು ತುದಿಗೆ ಕೈ ಹಚ್ಚಬೇಕು. ಪಕ್ಕದ ಮನೆಯವನ ಜೊತೆ ಮಾತು ಬಿಟ್ಟಿದ್ದರೂ ಸರಿ, ಕೈ ಮಾತ್ರ ಬಿಡುವಂತಿಲ್ಲ. ಇಂಥ ಓಣಿಯ ಹೆಸರು ಹೇಳುವಾಗ ನನಗೆ ಎದೆ ಉಬ್ಬುತ್ತದೆ ನೋಡಿ.

ಆ ಓಣಿಯ ಮೇಲಿನ ತುದಿಯಲ್ಲಿ ಮುರಿಗೆಪ್ಪ ಸಾವ್ಕಾರನ ಮನೆ. ಇಡೀ ಓಣಿಗೆ ನೂಲು ಕೊಡುವವನು ಅವನೇ, ನೇಯ್ದ ಖಣ ಕೊಳ್ಳುವವನೂ ಅವನೇ. ಅವನ ಅಜ್ಜ ಅದೇ ಓಣಿಯಲ್ಲಿ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯ್ದವನು. ಅಪ್ಪ ನೂಲಿನ ವ್ಯಾಪಾರ ಹಿಡಿದ, ಮನೆ ಎತ್ತರವಾಯಿತು, ಕಾಂಪೌಂಡು ಇನ್ನೂ ಎತ್ತರವಾಯಿತು. ಮುರಿಗೆಪ್ಪ ಕೆಟ್ಟವನಲ್ಲ. ತೂಕದಲ್ಲಿ ಮೋಸ ಮಾಡಿದವನಲ್ಲ, ಯಾರ ಮನೆಯ ಕಣ್ಣೀರಿಗೂ ಕಾರಣನಾದವನಲ್ಲ. ಆದರೆ ಅವನು ಬಂದರೆ ಜನ ಎದ್ದು ನಿಲ್ಲುತ್ತಿದ್ದರು. ಅವನು ಜೋಕು ಹೇಳಿದರೆ ಮುಗಿಯುವ ಮೊದಲೇ ನಗುತ್ತಿದ್ದರು. ಇದರ ಕಷ್ಟ ನಿಮಗೆ ಗೊತ್ತೇ? ನಿಮಗೆ ಗೊತ್ತಿರಲಾರದು, ನನಗೆ ಚೆನ್ನಾಗಿ ಗೊತ್ತು.

ಮುರಿಗೆಪ್ಪನಿಗೆ ಸಕ್ಕರೆ ಕಾಯಿಲೆ ಶುರುವಾಯಿತು. ಡಾಕ್ಟರು, ‘ದಿನಾ ಮೈಯಾಗಿನ ಬೆವರು ಹರೀಬೇಕ್ರಿ ಸಾವ್ಕಾರ್ರ, ಏನರ ಆಟ ಆಡ್ರಿ’ ಅಂದರು. ಅವನಿಗೆ ಬಾಲ್ಯದಲ್ಲಿ ಶಾಲೆಯ ಅಂಗಳದಲ್ಲಿ ಆಡಿದ ಬ್ಯಾಡ್ಮಿಂಟನ್ ನೆನಪಾಯಿತು. ಶ್ರೀಮಂತನಿಗೆ ನೆನಪಾದರೆ ತಡವೇನು? ಮನೆಯ ಹಿಂದೆ ದೊಡ್ಡ ಶೆಡ್ಡು ಎದ್ದಿತು. ಮರದ ನೆಲ, ಸಾಲು ದೀಪ, ನೆಲಕ್ಕೆ ಬೋಲ್ಟು ಬಿಗಿದ ಕಂಬ, ಪರದೇಶದ ನೆಟ್ಟು. ಎಲ್ಲ ಬಂತು. ಆಡಲಿಕ್ಕೆ ಮಾತ್ರ ಯಾರೂ ಇರಲಿಲ್ಲ. ಆಗ ಅಂಗಡಿಯ ಗುಮಾಸ್ತನನ್ನು ಕರೆದ. ನೂಲು ಒಯ್ಯಲು ಬಂದ ನೇಕಾರ ದುಂಡಪ್ಪನನ್ನು ಕರೆದ. ಬಂದವರೆಲ್ಲ ಸೋತರು. ಗುಮಾಸ್ತ ಸೋತ, ದುಂಡಪ್ಪ ಸೋತ, ಬ್ಯಾಂಕಿನ ಮ್ಯಾನೇಜರೂ ಸೋತ. ಮುರಿಗೆಪ್ಪ ಉಬ್ಬಿಹೋದ. ರಾತ್ರಿ ಊಟಕ್ಕೆ ಕೂತು ಹೆಂಡತಿ ಬಸಲಿಂಗವ್ವನಿಗೆ, ‘ನನ್ನ ಹೊಡೆತಕ್ಕ ಯಾರೂ ನಿಲ್ಲವಲ್ರು ನೋಡು’ ಅಂದ. ಆಕೆ ರೊಟ್ಟಿ ಹಾಕುತ್ತ ಅವನ ಹೊಟ್ಟೆಯ ಕಡೆ ನೋಡಿದಳು.

ಹೀಗಿರುವಾಗ ಒಂದು ಸಂಜೆ ಮುರಿಗೆಪ್ಪ ಗೇಟಿನ ಹತ್ತಿರ ನಿಂತಿದ್ದ. ಕೆಳಗೆ ಓಣಿಯಿಂದ ದೊಡ್ಡ ನಗು ಕೇಳಿಸಿತು. ಬಗ್ಗಿ ನೋಡಿದ. ಓಣಿಯ ನಡುವೆ ಒಂದು ಬ್ಯಾಡ್ಮಿಂಟನ್ ಕೋರ್ಟು!

ಆ ಕೋರ್ಟಿನ ಹುಟ್ಟನ್ನು ಹೇಳಲೇಬೇಕು, ಇಲ್ಲದಿದ್ದರೆ ಆ ಓಣಿಯವರು ನನ್ನ ಮೇಲೆ ಸಿಟ್ಟಾಗುತ್ತಾರೆ. ಅದನ್ನು ಹೂಡಿದವಳು ಸಂಕವ್ವ ಅಂತ ಒಬ್ಬ ನೇಕಾರ ಹೆಂಗಸು. ಇಡೀ ದಿನ ಮಗ್ಗದಲ್ಲಿ ಕೂತು ಸೊಂಟ ಹಿಡಿದವಳು, ‘ದೇವ್ರು ಕಾಲು ಕೊಟ್ಟಾನ, ಬರೇ ಕುಣಿಯಾಗ ಇಳಿಬಿಡಾಕೇನ?’ ಅಂತ ಎದ್ದಳು. ಗೂಟ ಹುಗಿಯುವಂತಿಲ್ಲ, ಹಾಗಾದರೆ ಕಂಬ ನಿಲ್ಲುವುದು ಹೇಗೆ? ಹಳೆಯ ಸ್ಕೂಟರ್ ಟಯರು ಎರಡನ್ನು ತಂದು, ಒಳಗೆ ಸಿಮೆಂಟು ತುಂಬಿ, ನಡುವೆ ಒಂದು ಗಿಡ್ಡ ಪೈಪು ನಿಲ್ಲಿಸಿದರು. ಆ ಪೈಪಿನೊಳಗೆ ಕಂಬ ಇಳಿಸಿದರೆ ನಿಂತಿತು, ಎತ್ತಿದರೆ ಬಂತು, ಟಯರನ್ನು ಉರುಳಿಸಿಕೊಂಡು ಮನೆಗೆ ಒಯ್ದರಾಯಿತು. ನೆಟ್ಟನ್ನು ಸಂಕವ್ವನೇ ಉಳಿದ ನೂಲು ಹೊಸೆದು ಗಂಟು ಹಾಕಿ ಮಾಡಿದಳು. ಮೇಲಂಚಿಗೆ ಬಿಳಿ ಪಟ್ಟಿ ಇರಬೇಕಂತೆ. ಆಕೆ ಕೆಂಪು ಖಣದ ಪಟ್ಟಿ ಹೊಲಿದಳು. ಗೆರೆ ಎಳೆಯುವ ಬದಲು ಹಳೆಯ ಸೀರೆಯಂಚು ಹಾಸಿ, ಮೂಲೆಗೆ ಮರಳು ತುಂಬಿದ ಚೀಲ ಇಟ್ಟರು. ಆಡುವ ಷಟಲ್ಲಿಗೆ ಲಾಳಿ ಅಂತ ಹೆಸರಿಟ್ಟರು, ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ ಓಡುತ್ತದಲ್ಲ. ಅರ್ಧ ಸಾಮಾನು ಗುಜರಿಯದು, ಅರ್ಧ ಮನೆಯದು. ಆ ಓಣಿಯವರಿಗೆ ಅದರ ಮೇಲಿದ್ದ ಜಂಬ ಮಾತ್ರ ಅರಮನೆಯವರಿಗೂ ಇರಲಿಕ್ಕಿಲ್ಲ.

ಮೊದಲ ದಿನ ಒಂದು ಫಜೀತಿಯೂ ಆಯಿತು. ದುಂಡಪ್ಪನಿಗೆ ನೂಲು ಸಡಿಲಾಗಿರುವುದನ್ನು ಕಂಡರೆ ಆಗದು. ಹಾಸು ಎಳೆದ ಹಾಗೆ ನೆಟ್ಟನ್ನು ಬಿಗಿದು ಎಳೆದೇ ಎಳೆದ. ಎರಡೂ ಕಂಬ ಬಾಗಿ ಒಂದಕ್ಕೊಂದು ನಮಸ್ಕಾರ ಮಾಡಿದವು. ಸಂಕವ್ವ ತಲೆ ಚಚ್ಚಿಕೊಂಡು, ‘ಯಣ್ಣಾ, ಇದು ಖಣ ಅಲ್ಲೋ! ಜರಾ ಸಡ್ಲ ಬಿಡೋ!’ ಅಂದಳು. ಕೈ ಬಿಟ್ಟಮೇಲೆ ಕಂಬ ನೆಟ್ಟಗಾದವು.

ಈಗ ಮುರಿಗೆಪ್ಪ ಗೇಟಿನಿಂದ ನೋಡಿದ್ದೇನು? ಅವನ ಶೆಡ್ಡಿನಲ್ಲಿ ಒಂದು ಹೊಡೆತವನ್ನೂ ಎದುರಿಸಲಾರದೆ ಎಡವುತ್ತಿದ್ದ ಅದೇ ದುಂಡಪ್ಪ ಇಲ್ಲಿ ಮೊಳಕಾಲೆತ್ತರ ಹಾರಿ ಹೊಡೆಯುತ್ತಿದ್ದ. ನೆಟ್ಟಿನಾಚೆ ಸೀರೆಯ ಕಚ್ಚೆ ಬಿಗಿದ ಸಂಕವ್ವ ಅದನ್ನೂ ಎತ್ತಿ ಹಿಂದಕ್ಕೆ ಕಳಿಸುತ್ತಿದ್ದಳು. ‘ಔಟ್!’ ಅಂತ ಒಬ್ಬರು, ‘ನಿನ್ನ ಕಣ್ಣಾಗ ಗಂಜಿ ಬಿದ್ದೈತೇನ!’ ಅಂತ ಇನ್ನೊಬ್ಬರು. ಜಗಳ, ನಗು, ಮತ್ತೆ ಆಟ. ಮುರಿಗೆಪ್ಪ ಗೇಟಿನ ಸರಳು ಹಿಡಿದು ನಿಂತೇ ಇದ್ದ. ತಾನು ಗೆದ್ದ ಒಂದೊಂದು ಆಟವೂ ಅವನ ಕಣ್ಣ ಮುಂದೆ ಬಂದು ಹೋಯಿತು. ಅಷ್ಟೂ ದಿನ ತನ್ನ ಜೊತೆ ಯಾರೂ ಆಡಿಯೇ ಇರಲಿಲ್ಲ ಅಂತ ಅವನಿಗೆ ಆಗ ತಿಳಿಯಿತು. ನಾಚಿಕೆಯಾಯಿತು, ಸಿಟ್ಟು ಬಂತು, ಕೊನೆಗೆ ಹೊಟ್ಟೆಯೊಳಗೆ ಒಂದು ಆಸೆ ಹುಟ್ಟಿತು. ತನ್ನ ಜೊತೆಯೂ ಯಾರಾದರೂ ಹಾಗೆ ಆಡಬೇಕು. ಒಂದೇ ಒಂದು ಖರೇ ಆಟ ಸಿಕ್ಕರೆ ಸಾಕು, ಸೋತರೂ ಚಿಂತೆಯಿಲ್ಲ. ಅಲ್ಲ, ಸೋತರೇ ಒಳ್ಳೆಯದು!

ಮರುದಿನ ಸಂಜೆ ಬಿಳಿ ಬೂಟು ಹಾಕಿಕೊಂಡು ಓಣಿಗೆ ಇಳಿದ. ‘ಬರ್ರಿ ಸಾವ್ಕಾರ್ರ, ಬರ್ರಿ ಬರ್ರಿ!’ ನಡೆದಿದ್ದ ಆಟ ಅಲ್ಲೇ ನಿಂತಿತು. ಒಬ್ಬರು ಕುರ್ಚಿ ಒರೆಸಿದರು, ಒಬ್ಬರು ಸೋಡಾ ತರಲು ಓಡಿದರು, ಇದ್ದುದರಲ್ಲಿ ಒಳ್ಳೆಯ ರ‍್ಯಾಕೆಟ್ಟು ಅವನ ಕೈಗೆ ಬಂತು. ಆಟ ಶುರುವಾಯಿತು. ದುಂಡಪ್ಪನ ಕೈ ಮತ್ತೆ ಮರದ ಕೈಯಾಯಿತು. ಮುರಿಗೆಪ್ಪ ಒಂದು ಹೊಡೆದ, ಅದು ಗೆರೆ ದಾಟಿ ಯಾರದೋ ಮನೆಯ ಕಟ್ಟೆಯ ಮೇಲೆ ಬಿತ್ತು.

‘ಪಾಯಿಂಟ್ ಸಾವ್ಕಾರ್ರಿಗೆ!’ ಅಂದ ದುಂಡಪ್ಪ.

‘ಲೇ, ಅದು ಔಟ್ ಆಗೇತೋ!’

‘ಇಲ್ರೀ ಎಪ್ಪಾ, ಗೆರಿ ಮ್ಯಾಲೇ ಬಿತ್ರಿ.’

‘ಗೆರಿ ಎಲ್ಲೈತಿ, ಕಟ್ಟಿ ಎಲ್ಲೈತಿ! ಕಣ್ಣಿಲ್ಲೇನ ನಿನಗ? ನಾ ಹೇಳಾಕತ್ತೀನಿ, ನಂದು ಔಟ್!’

‘ಗಾಳಿಗೆ ಹೋತ್ರಿ ಅದು. ಗಾಳಿದ್ದು ನಿಮ್ಮ ತಪ್ಪಲ್ರಿ.’

ತನಗೆ ಕೊಟ್ಟ ಪಾಯಿಂಟು ಬೇಡ ಅಂತ ಜಗಳಾಡಿದ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಮುರಿಗೆಪ್ಪನ ತಲೆ ಕೆಟ್ಟಿತು. ‘ಇನ್ಮ್ಯಾಲೆ ಯಾವಾನರ ಬೇಕಂತ ಸೋತ್ರ ಅವಗ ನೂಲು ಬಂದ್!’ ಅಂತ ಗುಡುಗಿದ. ಪಾಪ, ದುಂಡಪ್ಪನಿಗೆ ಈಗ ಗೆದ್ದರೂ ಭಯ, ಸೋತರೂ ಭಯ. ಎರಡೇ ಹೊಡೆತಕ್ಕೆ ರ‍್ಯಾಕೆಟ್ಟೇ ಕೈಜಾರಿ ಬಿತ್ತು. ಮುರಿಗೆಪ್ಪ ಮತ್ತೆ ಗೆದ್ದ. ತಲೆ ತಗ್ಗಿಸಿಕೊಂಡು ಮನೆಗೆ ಹೋದ.

ರಾತ್ರಿಯೆಲ್ಲ ಯೋಚಿಸಿದ. ಶ್ರೀಮಂತರಿಗೆ ಯೋಚನೆ ಬಂದರೂ ಅದು ಕೊಡುವ ಯೋಚನೆಯೇ ಆಗಿರುತ್ತದೆ ನೋಡಿ. ಓಣಿಗೆ ಒಂದು ಪಕ್ಕಾ ಕೋರ್ಟು ಮಾಡಿಸಿಕೊಟ್ಟರೆ ತಾನೂ ಅವರವನಾಗುತ್ತೇನೆ ಅಂದುಕೊಂಡ. ಸಂಜೆ ಬಂದು ಎಲ್ಲರ ಮುಂದೆ ಘೋಷಣೆ ಮಾಡಿದ. ‘ಈ ಟಯರಾ ಗಿಯರಾ ತಗದು ಒಗೀರಿ. ನಾ ಸಿಮೆಂಟ್ ಕಂಬ ನೆಡಸ್ತೀನಿ, ದೊಡ್ಡ ಲೈಟ್ ಹಾಕಸ್ತೀನಿ. ನಿಮಗ ದಿನಾ ಎತ್ತೂದು ಇಡೂದು ತ್ರಾಸ ಬ್ಯಾಡ.’

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಎಲ್ಲರೂ ಸಂಕವ್ವನ ಮುಖ ನೋಡಿದರು. ಸಂಕವ್ವ ಲಾಳಿಯನ್ನು ಅಂಗೈಯಲ್ಲಿ ತಿರುಗಿಸುತ್ತ ಮುಂದೆ ಬಂದಳು.

‘ಸಾವ್ಕಾರ್ರ, ಸಿಟ್ಟಾಗಬ್ಯಾಡ್ರಿ. ಈ ಓಣಿಯಾಗ ಕಂಬ ನೆಡಂಗಿಲ್ಲ. ಮುಂಜಾನಿ ಹಾಸು ಎಲ್ಲಿ ಚಾಚೂನು? ನಿಮ್ಮ ಅಜ್ಜಾನೂ ಇಲ್ಲೇ ಚಾಚ್ಯಾನ. ನಿಮಗ ಮರ್ತಿರಬೇಕು.’

ಮುರಿಗೆಪ್ಪನ ಮುಖ ಕೆಂಪಾಯಿತು. ಬೇರೆ ಯಾರಾದರೂ ಆಗಿದ್ದರೆ ಬೆನ್ನು ತಿರುಗಿಸಿ ಹೋಗುತ್ತಿದ್ದರು. ಇವನಿಗೆ ಆಸೆ ದೊಡ್ಡದಿತ್ತು, ಅದಕ್ಕೇ ನಿಂತ. ದನಿ ಇಳಿಸಿ ಕೇಳಿದ, ‘ಕಂಬ ಬ್ಯಾಡಂದ್ರ ಬಿಡವಾ. ಒಂದ್ ಮಾತ್ ಹೇಳು. ನನ್ನ ಕೂಡ ಯಾಕ ಯಾರೂ ಖರೇ ಆಡವಲ್ರಿ? ನಾ ಏನ್ ಅಂಥಾ ಪಾಪ ಮಾಡೀನಿ?’

ಸಂಕವ್ವನಿಗೂ ಆ ದನಿ ಕೇಳಿ ಒಂದು ಕ್ಷಣ ಪಿಚ್ಚೆನಿಸಿತು. ಆದರೆ ಬಾಯಿ ಮೆತ್ತಗೆ ಮಾಡಿಕೊಳ್ಳುವ ಹೆಂಗಸಲ್ಲ ಆಕೆ. ‘ಪಾಪ ಏನಿಲ್ರಿ. ನೆಟ್ ಕಟ್ಟಿದ ಮ್ಯಾಲೆ ನೀವ್ ಬರ್ತೀರಿ, ಬಿಚ್ಚೂಕಿಂತ ಮೊದಲ ಹೋಗ್ತೀರಿ. ಹಂಗ ಬಂದು ಹಂಗ ಹೋಗಾವ್ರು ನಮಗ ಬೀಗ್ರು. ಮನಿಗೆ ಬಂದ ಬೀಗ್ರನ್ನ ಯಾರರ ಸೋಲಸ್ತಾರೇನ್ರೀ? ಉಪಚಾರ ಮಾಡಿ ಕಳಸ್ತೀವಿ.’

ಈ ಮಾತನ್ನು ಸ್ವಲ್ಪ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುರಿಗೆಪ್ಪನೂ ಇಟ್ಟುಕೊಂಡ. ಆದರೆ ಅರ್ಥವಾಗಿದ್ದು ಅರ್ಧ. ಮರುದಿನ ಅವನು ಏನು ಮಾಡಿದ ಹೇಳಿ? ಟಯರು ಉರುಳಿಸಲು ತನ್ನ ಕಾರಿನ ಡ್ರೈವರನ್ನು ಕಳಿಸಿದ! ಡ್ರೈವರ ಬಂದು ಟಯರು ಉರುಳಿಸಿದ, ಕಂಬ ನಿಲ್ಲಿಸಿದ, ಸೀರೆಯಂಚು ಹಾಸಿದ. ಎಲ್ಲ ಸಿದ್ಧವಾದ ಮೇಲೆ ಸಾವ್ಕಾರ ಬೂಟಿನ ದಾರ ಬಿಗಿದುಕೊಂಡು ರ‍್ಯಾಕೆಟ್ಟಿಗೆ ಕೈ ಚಾಚಿದ. ಸಂಕವ್ವ ಆ ರ‍್ಯಾಕೆಟ್ಟನ್ನು ಡ್ರೈವರನ ಕೈಗೆ ಕೊಟ್ಟಳು.

‘ಹೊತ್ತು ತಂದಾಂವ ಆಡ್ಲಿ. ನೀವು ಕುಂತ್ ನೋಡ್ರಿ, ಸೋಡಾ ತರಸ್ಲೇನು?’

ಡ್ರೈವರ ಬೆದರಿ ಯಜಮಾನನ ಮುಖ ನೋಡಿದ. ಮುರಿಗೆಪ್ಪ ಏನು ಹೇಳಬೇಕು? ‘ಆಡಪಾ’ ಅಂದ. ಆ ಪುಣ್ಯಾತ್ಮ ಆಡಿದ, ಬೆವರು ಸುರಿಸಿ ಆಡಿದ, ದುಂಡಪ್ಪನಿಗೆ ಸೋತು ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಸಂಬಳದ ಆಳಿಗೆ ಸಿಕ್ಕ ಸೋಲು ತನಗೆ ಸಿಗಲಿಲ್ಲವಲ್ಲ ಅಂತ ಸಾವ್ಕಾರ ಕುರ್ಚಿಯಲ್ಲಿ ಕೂತು ಸಂಕಟಪಟ್ಟ. ಅವತ್ತೇ ಮನೆಗೆ ಹೋಗುವಾಗ ದಾರಿಯಲ್ಲಿ ಗುಡಿಯ ಮುಂದೆ ನಿಂತು, ನಾನು ಮೊದಲು ಹೇಳಿದೆನಲ್ಲ, ಆ ಬೇಡಿಕೆ ಬೇಡಿದ್ದು.

ಮಾರನೆಯ ದಿನ ಬಿಳಿ ಬೂಟು ಮನೆಯಲ್ಲೇ ಉಳಿಯಿತು. ಬರಿಗಾಲಲ್ಲಿ ಬಂದ, ಎಲ್ಲರಿಗಿಂತ ಮೊದಲು ಬಂದ. ಸಂಕವ್ವನ ಮನೆಯ ಗೋಡೆಗೆ ಒರಗಿಸಿದ್ದ ಟಯರನ್ನು ಎಬ್ಬಿಸಿದ. ಸಿಮೆಂಟು ತುಂಬಿದ ಟಯರು ನೋಡಲಿಕ್ಕೆ ಸಾಧು, ಇಳಿಜಾರು ಸಿಕ್ಕರೆ ಹುಂಬ. ಅದು ಅವನ ಕೈಯಿಂದ ತಪ್ಪಿಸಿಕೊಂಡು ಓಣಿಯ ಕೆಳಕ್ಕೆ ಹೊರಟಿತು. ‘ಹಿಡೀರೋ! ಹಿಡೀರಲೇ!’ ಅಂತ ಕೂಗುತ್ತ ಸಾವ್ಕಾರ ಧೋತರದ ಚುಂಗು ಎತ್ತಿ ಹಿಂದೆ ಓಡಿದ. ಮುಂದೆ ಟಯರು, ಹಿಂದೆ ಸಾವ್ಕಾರ, ಅವನ ಹಿಂದೆ ನಾಯಿ. ಟಯರು ಹೋಗಿ ಗಂಜಿಯ ಗಡಿಗೆಗೆ ಗುದ್ದಿ ನಿಂತಿತು. ಗಡಿಗೆ ಒಡೆದು ಗಂಜಿಯೆಲ್ಲ ಸಾವ್ಕಾರನ ಮೊಳಕಾಲಿಗೆ ಎರಚಿತು.

ಜನ ದಡಬಡಿಸಿ ಎದ್ದು ನಿಂತರು. ಆಮೇಲೆ ಯಾವುದೋ ಕಟ್ಟೆಯ ಮೇಲಿಂದ ಒಂದು ಮುದುಕಿ ಕಿಸಕ್ಕೆಂದಳು. ಅಷ್ಟೇ ಸಾಕಾಯಿತು. ದುಂಡಪ್ಪ ನಕ್ಕ, ಡ್ರೈವರ ನಕ್ಕ, ಇಡೀ ಓಣಿಯೇ ಬಿದ್ದು ಬಿದ್ದು ನಕ್ಕಿತು. ಸಾವ್ಕಾರನ ಮುಖಕ್ಕೆ ಎದುರಾಗಿ, ಅವನು ಜೋಕು ಹೇಳದೆಯೇ ಜನ ನಕ್ಕಿದ್ದು ಅದೇ ಮೊದಲು. ಮುರಿಗೆಪ್ಪ ತನ್ನ ಗಂಜಿ ಹತ್ತಿದ ಕಾಲು ನೋಡಿಕೊಂಡ. ಆ ವಾಸನೆ ಅವನಿಗೆ ಗೊತ್ತಿತ್ತು, ಅಜ್ಜನ ಮೈಯ ವಾಸನೆ ಅದು. ಅವನಿಗೂ ನಗು ಬಂತು.

‘ಹಂಗಲ್ರಿ,’ ಅಂತ ಸಂಕವ್ವ ಕಣ್ಣೊರೆಸಿಕೊಳ್ಳುತ್ತ ಬಂದಳು. ‘ಮಗ್ಗಲಿಗೆ ಹಚ್ಚಿ ಹಿಡದು ಉಳ್ಳಸ್ಬೇಕು. ಹೂಂ, ಹಂಗ. ನಾಳೆ ಒಂದ್ ಗಡಿಗಿ ತಂದ್ ಕೊಡ್ರಿ ಮತ್ತ, ಮರೀಬ್ಯಾಡ್ರಿ.’

ಕಂಬ ನಿಂತಿತು. ನೆಟ್ಟಿನ ಒಂದು ತುದಿ ದುಂಡಪ್ಪ ಹಿಡಿದ, ಇನ್ನೊಂದು ತುದಿ ಮುರಿಗೆಪ್ಪ ಹಿಡಿದ. ‘ಭಾಳ ಜಗ್ಗಬ್ಯಾಡ’ ಅಂತ ಈ ಸಲ ಸಾವ್ಕಾರನೇ ದುಂಡಪ್ಪನಿಗೆ ಹೇಳಿದ. ಸಂಕವ್ವ ಸೆರಗು ಸಿಕ್ಕಿಸಿ ಎದುರು ನಿಂತಳು. ಮೊದಲ ಹೊಡೆತಕ್ಕೇ ಲಾಳಿ ಬಂದು ಸಾವ್ಕಾರನ ಎದೆಗೆ ಬಡಿಯಿತು. ಎರಡನೆಯದು ತಲೆಯ ಮೇಲೆ ಹಾರಿತು. ಅವನನ್ನು ಎಡಕ್ಕೆ ಓಡಿಸಿದಳು, ಬಲಕ್ಕೆ ಓಡಿಸಿದಳು, ನೆಟ್ಟಿನ ಬುಡಕ್ಕೆ ಕರೆದು ಹಿಂದಕ್ಕೆ ಅಟ್ಟಿದಳು. ಅವನ ಹೊಡೆತ ಗೆರೆಯಿಂದ ಕೂದಲೆಳೆಯಷ್ಟು ಆಚೆ ಬಿದ್ದಾಗ ದುಂಡಪ್ಪ ಗಂಟಲು ಹರಿಯುವಂತೆ ‘ಔಟ್!’ ಅಂದ.

‘ಲೇ, ಗೆರಿ ಮ್ಯಾಲೆ ಬಿದ್ದೈತೋ!’ ಅಂದ ಸಾವ್ಕಾರ.

‘ಕಣ್ಣಾಗ ಗಂಜಿ ಬಿದ್ದೈತೇನ್ರೀ? ಔಟ್ ಅಂದ್ರ ಔಟ್!’

ಆ ಮಾತು ಕೇಳಿ ಮುರಿಗೆಪ್ಪನ ಕಣ್ಣು ತುಂಬಿತು ಅಂದರೆ ನೀವು ನಂಬಬೇಕು. ಇಪ್ಪತ್ತೊಂದಕ್ಕೆ ನಾಲ್ಕು. ನಾಲ್ಕೇ ನಾಲ್ಕು! ಸೋತ, ಮಣ್ಣು ಮುಕ್ಕಿ ಸೋತ. ಆಮೇಲೆ ಎಲ್ಲರ ಜೊತೆ ನೆಟ್ಟು ಬಿಚ್ಚಿದ, ಸೀರೆಯಂಚು ಸುತ್ತಿದ, ಟಯರನ್ನು ಮಗ್ಗಲಿಗೆ ಹಚ್ಚಿ ಉರುಳಿಸಿ ಗೋಡೆಗೆ ಒರಗಿಸಿದ. ಓಣಿ ಮೊದಲಿದ್ದ ಹಾಗೆ ಖಾಲಿಯಾಯಿತು.

ಮನೆಗೆ ಹೋದವನೇ ಅಡಿಗೆಮನೆಯ ಬಾಗಿಲಲ್ಲಿ ಎದೆ ಸೆಟೆಸಿ ನಿಂತ. ಮೈತುಂಬ ಧೂಳು, ಕಾಲಿಗೆ ಒಣಗಿದ ಗಂಜಿ, ಅಂಗೈಗೆ ಕಂಬದ ತುಕ್ಕು. ಬಸಲಿಂಗವ್ವ ಗಾಬರಿಯಾಗಿ, ‘ಯಪ್ಪಾ ಶಿವನ! ಏನಾತ್ರೀ?’ ಅಂದಳು.

‘ಸೋತ್ನೇ!’ ಅಂದ. ‘ಖರೇನ ಸೋತೆ! ಬೆವರು ಇಳಿಸಿ ಸೋಲಿಸಿದ್ಲು ಸಂಕವ್ವ!’ ಶೆಡ್ಡು ಕಟ್ಟಿಸಿದಾಗಲೂ ಅವನ ಮುಖದಲ್ಲಿ ಅಂಥ ಹೆಮ್ಮೆಯನ್ನು ಆಕೆ ಕಂಡಿರಲಿಲ್ಲ. ಅವನು ಆ ನಾಲ್ಕು ಪಾಯಿಂಟು ಹೇಗೆ ಬಂತು ಅಂತ ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿದ, ಆಕೆ ರೊಟ್ಟಿ ಆರುವವರೆಗೂ ಕೇಳಿದಳು.

ಕಥೆ ಇನ್ನೊಂದು ಚೂರು ಉಳಿದಿದೆ. ಮರುದಿನ ಬೆಳಗ್ಗೆ ಮುರಿಗೆಪ್ಪ ಹೊಸ ಗಡಿಗೆ ಹಿಡಿದುಕೊಂಡು ಓಣಿಗೆ ಬಂದ. ಹಾಸು ಹಿಡಿದಿದ್ದರು. ಗಂಜಿ ಸವರುವ ಗಡಿಬಿಡಿ. ದುಂಡಪ್ಪ ತಲೆಯೆತ್ತಿ ಯಾರು ಬಂದರು ಅಂತಲೂ ನೋಡದೆ, ‘ಏ, ಗಡಿಗಿ ಕೆಳಗಿಟ್ಟು ಈ ತುದಿ ಹಿಡಿ ಬಾ ಲಗೂನ’ ಅಂದ. ಅಂದಮೇಲೆ ನೋಡಿದ. ನಾಲಿಗೆ ಕಚ್ಚಿಕೊಂಡ. ಮುರಿಗೆಪ್ಪ ಗಡಿಗೆ ಕೆಳಗಿಟ್ಟು ತುದಿ ಹಿಡಿದ. ತಂದೆಯ ಕಾಲಕ್ಕೇ ಬಿಟ್ಟುಹೋಗಿದ್ದ ತುದಿ ಅದು. ಬಿಸಿಲೇರುವವರೆಗೂ ಹಿಡಿದೇ ನಿಂತಿದ್ದ, ನೂಲು ಸಡಿಲಾಗಲು ಬಿಡಲಿಲ್ಲ.

ಈಗ ನಿಮ್ಮ ಕಡೆ ಬರುತ್ತೇನೆ. ಇಷ್ಟೊತ್ತು ಸಾವ್ಕಾರನನ್ನು ನೋಡಿ ನಕ್ಕಿರಿ, ಒಳ್ಳೆಯದೇ ಆಯಿತು. ನೋಡಿ, ನೀವು ಮನೆಯಲ್ಲಿ ಊಟಕ್ಕೆ ಯಾವಾಗ ಬರುತ್ತೀರಿ? ತಾಟು ಹಾಕಿದ ಮೇಲೆ. ಯಾವಾಗ ಏಳುತ್ತೀರಿ? ತಾಟು ಎತ್ತುವ ಮೊದಲು. ಹಾಗಾದರೆ ನಿಮ್ಮ ಮನೆಯಲ್ಲೇ ನೀವು ಬೀಗರು! ಆಮೇಲೆ ನನ್ನ ಹತ್ತಿರ ಬಂದು, ‘ಬುದ್ಧೀ, ಮಕ್ಕಳು ನನ್ನ ಕೂಡ ಮನಸು ಬಿಚ್ಚಿ ಮಾತಾಡವಲ್ರು, ಹೆಂಡತಿ ಎಲ್ಲಾದಕ್ಕೂ ಹೂಂ ಅಂತಾಳ’ ಅಂತ ಅಳುತ್ತೀರಿ. ಬೀಗರ ಜೊತೆ ಯಾರು ಮನಸ್ಸು ಬಿಚ್ಚುತ್ತಾರೆ? ಉಪಚಾರ ಮಾಡಿ ಕಳಿಸುತ್ತಾರೆ. ಓಣಿಯ ಮದುವೆಗೆ ಚಪ್ಪರ ಹಾಕಿದ ಮೇಲೆ ಹೋಗಿ, ಕೈ ತೊಳೆದು ಬರುತ್ತೀರಿ. ದಾನ ಕೊಡುತ್ತೀರಿ, ಸಂತೋಷ. ಆಳನ್ನು ಕಳಿಸುತ್ತೀರಿ, ಅದೂ ಸರಿ. ಆದರೆ ಪುಣ್ಯ ಆ ಡ್ರೈವರನಿಗೆ ಹೋಗುತ್ತದೆ, ನೆನಪಿಡಿ.

ನಾಳೆಯಿಂದ ಒಂದು ಕೆಲಸ ಮಾಡಿ. ಊಟಕ್ಕೆ ಮೊದಲು ನೀವೇ ತಾಟು ಇಡಿ, ಉಂಡ ಮೇಲೆ ನೀವೇ ಎತ್ತಿ. ಓಣಿಯಲ್ಲಿ ಯಾವುದೇ ಕಾರ್ಯವಿರಲಿ, ಕಂಬ ನಿಲ್ಲಿಸುವ ಹೊತ್ತಿಗೆ ಹೋಗಿ, ಬಿಚ್ಚುವ ಹೊತ್ತಿನವರೆಗೂ ಇರಿ. ಜನ ನಿಮ್ಮನ್ನು ನೋಡಿ ನಗಲಿ. ನಿಮ್ಮ ಹೊಡೆತ ಔಟ್ ಆದಾಗ ಔಟ್ ಅಂತ ಮುಖಕ್ಕೆ ಹೇಳುವವರು ನಾಲ್ಕು ಜನ ಇದ್ದರೆ ನಿಮ್ಮಷ್ಟು ಶ್ರೀಮಂತರಿಲ್ಲ, ತಲೆಯೆತ್ತಿ ಓಡಾಡಿ.

ಮತ್ತೆ ನೀವು ಕೂತಿರುವ ಈ ಜಮಖಾನೆ. ನೀವು ಬರುವ ಮೊದಲೇ ಇದನ್ನು ಯಾರೋ ಹಾಸಿದ್ದರು, ನೀವು ಹೋದ ಮೇಲೆ ಯಾರೋ ಸುತ್ತುತ್ತಾರೆ. ಅವರು ಯಾರು ಅಂತ ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಿದ್ದೀರಾ? ನಾನೂ ಜಮಖಾನೆ ಹಾಸಿದ ಮೇಲೆಯೇ ಈ ಗದ್ದುಗೆಗೆ ಬರುತ್ತೇನೆ, ಸುತ್ತುವ ಮೊದಲೇ ಏಳುತ್ತೇನೆ. ಅದಕ್ಕೇ ನೀವೆಲ್ಲ ನನ್ನ ಜೋಕು ಮುಗಿಯುವ ಮೊದಲೇ ನಗುತ್ತೀರಿ! ಇವತ್ತು ಮಂಗಳಾರತಿ ಆಮೇಲೆ. ಇಗೋ, ನಾನು ಕೆಳಗಿಳಿದು ಈ ಮೂಲೆಯ ತುದಿ ಹಿಡಿಯುತ್ತೇನೆ. ಕಂಬಕ್ಕೆ ಒರಗಿದವರೇ, ನಿಮ್ಮ ಕಾಲ ಕೆಳಗೇ ಇದೆ ನೋಡಿ ಆ ಕಡೆಯ ತುದಿ. ಏಳಿ, ಹಿಡಿಯಿರಿ.